ಪರಂಗಿ ಹಣ್ಣಿನ ಕೊಳೆಗೆ ಜೈವಿಕ ಔಷಧ: ಅದ್ದಿದ ಮೇಲೂ ಚುಕ್ಕೆ ಬಂದದ್ದೇಕೆ?

ಪ್ರಶ್ನೆ: ನಂಜನಗೂಡು ತಾಲ್ಲೂಕಿನಲ್ಲಿ ಎರಡು ಎಕರೆ ರೆಡ್ ಲೇಡಿ ಪರಂಗಿ ಹಾಕಿದ್ದೇನೆ. ಒಂದು ಪಾಲು ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೆ ಹೋಗುತ್ತದೆ, ಉಳಿದದ್ದನ್ನು ರಾಸಾಯನಿಕ ಬಳಸದ ಹಣ್ಣೇ ಬೇಕೆನ್ನುವ ಬೆಂಗಳೂರಿನ ಅಂಗಡಿಯೊಂದು ಕೊಳ್ಳುತ್ತದೆ. ಕಾಯಿಯ ತುದಿಯಲ್ಲಿ ಹಳದಿ ಗೆರೆ ಕಂಡಾಗ ಕೊಯ್ದು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಕ್ರೇಟಿಗೆ ತುಂಬುತ್ತೇನೆ. ಕೊಯ್ಯುವಾಗ ಒಂದು ಕಲೆಯೂ ಇರುವುದಿಲ್ಲ. ನಾಲ್ಕೈದನೆಯ ದಿನಕ್ಕೆ ಸಿಪ್ಪೆಯ ಮೇಲೆ ಗುಂಡಗಿನ ತಗ್ಗು ಚುಕ್ಕೆಗಳು ಎದ್ದು, ಅವುಗಳ ನಡುವೆ ಕಿತ್ತಳೆ ಬಣ್ಣದ ಅಂಟು ಕಾಣಿಸುತ್ತದೆ. ಕೆಲವು ಹಣ್ಣುಗಳಿಗೆ ತೊಟ್ಟು ಕಪ್ಪಾಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಹೇಳಿದಂತೆ ಟ್ರೈಕೋಡರ್ಮಾ ಎಂಬ ಜೈವಿಕ ಔಷಧದ ಪುಡಿಯನ್ನು ಲೀಟರಿಗೆ ಹತ್ತು ಗ್ರಾಂ ಕದಡಿ ಮೂರು ಕೊಯ್ಲಿನ ಹಣ್ಣನ್ನು ಅದ್ದಿದೆ, ಏನೂ ಪ್ರಯೋಜನವಾಗಲಿಲ್ಲ. ಈಗ ಕೆಲವರು ಶಿಲೀಂಧ್ರನಾಶಕ ರಾಸಾಯನಿಕವಾದ ಕಾರ್ಬೆಂಡಜಿಮ್‌ನಲ್ಲಿ ಅದ್ದು ಎನ್ನುತ್ತಾರೆ, ಪಕ್ಕದ ತೋಟದವರು ಸಗಣಿ-ಗಂಜಲದ ಜೀವಾಮೃತ ಸಿಂಪಡಿಸು ಎನ್ನುತ್ತಾರೆ. ಹಣ್ಣಿನ ಬೂಷ್ಟನ್ನು ತಡೆಯುವ ಜೀವಾಣು ನಿಜವಾಗಿಯೂ ಇದೆಯೇ? ಇದ್ದರೆ ನನ್ನ ತೋಟದಲ್ಲಿ ಏಕೆ ಫಲ ಕೊಡಲಿಲ್ಲ? ಅಂಥ ಹಣ್ಣು ತಿಂದವರಿಗೆ ತೊಂದರೆಯಿಲ್ಲವೇ?

ಉತ್ತರ: ಪ್ರಶ್ನೆಯನ್ನು ಇಷ್ಟು ವಿವರವಾಗಿ ಬರೆದದ್ದರಿಂದ ಉತ್ತರಿಸುವ ಕೆಲಸ ಸುಲಭವಾಗಿದೆ. ನಿಮ್ಮ ಆತಂಕ ಎರಡು ಬಗೆಯದು. ಕಲೆಯಿಲ್ಲದೆ ಹೊರಟ ಹಣ್ಣು ದಾರಿಯಲ್ಲಿ ಕೆಡುತ್ತಿದೆ ಎನ್ನುವುದು ಒಂದು. ಜೈವಿಕ ವಿಧಾನವನ್ನು ನಂಬಿ ಮೂರು ಕೊಯ್ಲು ಕಳೆದುಕೊಂಡ ಮೇಲೆ ಆ ನಂಬಿಕೆಯೇ ತಪ್ಪಾಗಿತ್ತೇ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹಣ್ಣಿನ ಬೂಷ್ಟನ್ನು ತಡೆಯುವ ಜೀವಾಣುಗಳು ಖಂಡಿತ ಇವೆ, ಆದರೆ ನೀವು ಬಳಸಿದ್ದು ಅದಲ್ಲ. ಒಂದು ವೇಳೆ ಸರಿಯಾದದ್ದನ್ನೇ ಬಳಸಿದ್ದರೂ ನಿಮ್ಮ ಹಣ್ಣಿನ ಚುಕ್ಕೆಗಳಲ್ಲಿ ಬಹುಪಾಲು ಹಾಗೆಯೇ ಬರುತ್ತಿದ್ದವು. ಏಕೆಂದರೆ ಆ ಚುಕ್ಕೆಗಳು ಹುಟ್ಟಿದ್ದು ಕ್ರೇಟಿನಲ್ಲಿ ಅಲ್ಲ, ತೋಟದಲ್ಲಿ.

ತಗ್ಗು ಚುಕ್ಕೆ ಮತ್ತು ಕಿತ್ತಳೆ ಬಣ್ಣದ ಅಂಟು ಚಿಬ್ಬು ರೋಗದ ಗುರುತು. ಇದನ್ನು ತರುವುದು ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. ಆ ಅಂಟು ಅದರ ಬೀಜಕಗಳ, ಅಂದರೆ ಬೀಜದಂತೆ ಮೊಳೆಯುವ ಸೂಕ್ಷ್ಮ ಕಣಗಳ, ರಾಶಿ. ಮರದಲ್ಲಿ ಜೋತುಬಿದ್ದ ಒಣ ಎಲೆಗಳ, ಅವುಗಳ ತೊಟ್ಟುಗಳ, ಕೆಟ್ಟು ಒಣಗಿದ ಕಾಯಿಗಳ ಮೇಲೆ ಈ ಶಿಲೀಂಧ್ರ ನೆಲೆಸಿರುತ್ತದೆ, ಮಳೆಹನಿ ಬಿದ್ದಾಗ ಸಿಡಿದು ಎಳೆಗಾಯಿಯ ಮೇಲೆ ಕೂರುತ್ತದೆ. ಸಿಪ್ಪೆ ಒದ್ದೆಯಾಗಿದ್ದರೆ ಬೀಜಕ ಮೊಳೆತು, ಬಿಲ್ಲೆಯಂಥ ಚಿಕ್ಕ ಅಂಗವೊಂದರಿಂದ ಸಿಪ್ಪೆಗೆ ಅಂಟಿಕೊಂಡು, ಹೊರಪೊರೆಯ ಮೇಣವನ್ನು ಕರಗಿಸುವ ಕಿಣ್ವವನ್ನು ಸುರಿಸಿ ಒಳಗೆ ಸಣ್ಣದೊಂದು ಎಳೆಯನ್ನು ಇಳಿಸುತ್ತದೆ. ಇದಕ್ಕೆ ಗಾಯವೇ ಬೇಕಿಲ್ಲ. ಹಸಿರು ಕಾಯಿ ಗಟ್ಟಿಯಾಗಿರುತ್ತದೆ, ಅದರ ಹಾಲಿನಲ್ಲಿಯೂ ಸಿಪ್ಪೆಯಲ್ಲಿಯೂ ಶಿಲೀಂಧ್ರಕ್ಕೆ ಒಗ್ಗದ ವಸ್ತುಗಳಿರುತ್ತವೆ, ಸಕ್ಕರೆ ಇನ್ನೂ ಏರಿರುವುದಿಲ್ಲ. ಆದ್ದರಿಂದ ಒಳಹೊಕ್ಕ ಎಳೆ ಅಲ್ಲಿಯೇ ಸುಪ್ತವಾಗಿ ಉಳಿಯುತ್ತದೆ. ಹೂ ಕಚ್ಚಿದ ಮೇಲೆ ಕಾಯಿ ಕೊಯ್ಲಿಗೆ ಬರಲು ಸುಮಾರು ನಾಲ್ಕೈದು ತಿಂಗಳು ಬೇಕು. ಆ ಅವಧಿಯ ಯಾವ ಮಳೆಯಲ್ಲಾದರೂ ಸೋಂಕು ತಗುಲಿರಬಹುದು. ಕೊಯ್ದು, ಹಣ್ಣು ಮೆದುವಾಗಿ, ಸಿಹಿ ಏರಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ನೀವು ಕೊಯ್ಯುವಾಗ ಕಲೆ ಕಾಣದಿದ್ದದ್ದು ನಿಮ್ಮ ಕಣ್ಣಿನ ತಪ್ಪಲ್ಲ; ಆಗ ಕಾಣುವಂಥದ್ದು ಏನೂ ಇರಲಿಲ್ಲ.

ತೊಟ್ಟು ಕಪ್ಪಾಗುವುದು ಬೇರೆಯ ಸಮಸ್ಯೆ. ಕಾಯಿಯನ್ನು ಕಿತ್ತ ಜಾಗದಲ್ಲಿ ಹಸಿ ಗಾಯ ಉಳಿಯುತ್ತದೆ, ಅಲ್ಲಿಂದ ಲ್ಯಾಸಿಯೋಡಿಪ್ಲೋಡಿಯ ಮೊದಲಾದ ಶಿಲೀಂಧ್ರಗಳು ಒಳನುಗ್ಗುತ್ತವೆ. ಮೂರನೆಯದೊಂದನ್ನು ನೀವು ಹೇಳಿಲ್ಲವಾದರೂ ನೋಡಿರಬಹುದು: ಹಣ್ಣಿನ ಒಂದು ಭಾಗ ನೀರಾಗಿ ಕುಸಿದು, ಹುಳಿ ವಾಸನೆ ಬಂದು, ಬೂದು ಬಣ್ಣದ ಕೂದಲಿನ ತುದಿಯಲ್ಲಿ ಕಪ್ಪು ಗುಂಡುಸೂಜಿ ತಲೆಗಳಂತೆ ಕಾಣುವ ಬೂಷ್ಟು. ಅದು ರೈಜೋಪಸ್. ಗಾಯವಿಲ್ಲದ ಹಣ್ಣನ್ನು ಅದು ತಾನಾಗಿ ಹೊಗಲಾರದು, ಆದರೆ ಒಂದು ಹಣ್ಣಿಗೆ ಹತ್ತಿದರೆ ತಗುಲಿದ ನೆರೆಹಣ್ಣುಗಳಿಗೆಲ್ಲ ಹಬ್ಬುತ್ತದೆ. ಈ ಮೂರನ್ನೂ ಒಟ್ಟಾಗಿ ‘ಕೊಳೆ’ ಎಂದು ಕರೆದು ಒಂದೇ ಔಷಧ ಹುಡುಕುವುದರಿಂದ ಅನೇಕ ರೈತರು ಹಣವನ್ನೂ ಹಣ್ಣನ್ನೂ ಕಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಚಿಬ್ಬು ಸುಪ್ತ ಸೋಂಕು. ಉಳಿದೆರಡು ಗಾಯದ ಸೋಂಕುಗಳು. ಜೈವಿಕ ನಿಯಂತ್ರಣ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಈ ಭೇದವನ್ನೇ ಅವಲಂಬಿಸಿದೆ.

ಕೊಯ್ದ ಹಣ್ಣಿನ ಮೇಲೆ ಜೀವಾಣುವನ್ನು ಬಳಸುವ ಆಧುನಿಕ ಪ್ರಯತ್ನ ಶುರುವಾಗಿ ಸುಮಾರು ನಾಲ್ಕು ದಶಕಗಳಾದವು. 1984ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪ್ಯೂಸಿ ಮತ್ತು ವಿಲ್ಸನ್ ಅವರು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯವು ಪೀಚ್ ಹಣ್ಣಿನ ಕಂದು ಕೊಳೆಯನ್ನು ತಡೆಯುತ್ತದೆ ಎಂದು ತೋರಿಸಿದರು. ಬ್ಯಾಸಿಲಸ್ ಕೆಲಸ ಮಾಡುವುದು ಮುಖ್ಯವಾಗಿ ಇಟುರಿನ್‌ನಂಥ ಪ್ರತಿಜೈವಿಕ (ಆಂಟಿಬಯೋಟಿಕ್) ವಸ್ತುಗಳನ್ನು ಸ್ರವಿಸಿ. ತಿನ್ನುವ ಹಣ್ಣಿನ ಮೇಲೆ ಪ್ರತಿಜೈವಿಕ ಉಳಿಯುವುದು ಬೇಡ ಎಂಬ ಕಾರಣಕ್ಕೆ ಮುಂದಿನ ಸಂಶೋಧನೆ ಯೀಸ್ಟ್‌ಗಳ ಕಡೆಗೆ ತಿರುಗಿತು. ಹಣ್ಣಿನ ಸಿಪ್ಪೆಯ ಮೇಲೆ ಯೀಸ್ಟ್‌ಗಳು ಸಹಜವಾಗಿಯೇ ವಾಸಿಸುತ್ತವೆ. ಅವುಗಳ ಬಲ ಇರುವುದು ವಿಷದಲ್ಲಲ್ಲ, ಹಸಿವಿನಲ್ಲಿ. ಹಣ್ಣಿಗೆ ಗಾಯವಾದಾಗ ಒಸರುವ ಸಕ್ಕರೆ ಮತ್ತು ಅಮೈನೊ ಆಮ್ಲಗಳ ರಸವೇ ಬೂಷ್ಟಿನ ಬೀಜಕ ಮೊಳೆಯಲು ಬೇಕಾದ ಮೊದಲ ತುತ್ತು. ಯೀಸ್ಟ್ ಅಲ್ಲಿಗೆ ಮೊದಲು ತಲುಪಿದರೆ ಕೆಲವೇ ಗಂಟೆಗಳಲ್ಲಿ ದ್ವಿಗುಣ, ಚತುರ್ಗುಣಗೊಳ್ಳುತ್ತ ಆ ರಸವನ್ನೆಲ್ಲ ಕುಡಿದು ಗಾಯದ ಮೇಲೆ ಪೊರೆಯಂತೆ ಹರಡಿಕೊಳ್ಳುತ್ತದೆ, ಆಮೇಲೆ ಬಂದ ಬೀಜಕಕ್ಕೆ ಉಣಿಸೂ ಇಲ್ಲ, ಜಾಗವೂ ಇಲ್ಲ. ಮೆಟ್ಷ್ನಿಕೋವಿಯ ಎಂಬ ಯೀಸ್ಟ್ ಗಾಯದಲ್ಲಿರುವ ಕಬ್ಬಿಣದ ಅಂಶವನ್ನು ತನ್ನ ಕೆಂಪು ಬಣ್ಣದ ವಸ್ತುವಿನಲ್ಲಿ ಕಟ್ಟಿಹಾಕಿ ಬೂಷ್ಟಿಗೆ ದೊರಕದಂತೆ ಮಾಡುತ್ತದೆ. ಇನ್ನು ಕೆಲವು ಬೂಷ್ಟಿನ ಎಳೆಗೇ ಅಂಟಿಕೊಂಡು ಅದರ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನು ಬಿಡುತ್ತವೆ. ಹಣ್ಣಿನ ಸ್ವಂತ ರಕ್ಷಣಾಶಕ್ತಿಯನ್ನು ಕೆರಳಿಸುವುದೂ ಉಂಟು.

1995ರಲ್ಲಿ ಇಂಥ ಎರಡು ಉತ್ಪನ್ನಗಳಿಗೆ ಅಮೆರಿಕದಲ್ಲಿ ನೋಂದಣಿ ದೊರೆಯಿತು. ಕ್ಯಾಂಡಿಡ ಓಲಿಯೋಫಿಲ ಯೀಸ್ಟ್‌ನಿಂದ ಮಾಡಿದ ಆಸ್ಪೈರ್ ಒಂದು, ಸ್ಯೂಡೊಮೋನಾಸ್ ಸಿರಿಂಗೆ ಬ್ಯಾಕ್ಟೀರಿಯದ ಬಯೋಸೇವ್ ಇನ್ನೊಂದು. ಮೊದಲನೆಯದು ಕೆಲವು ವರ್ಷಗಳ ನಂತರ ಮಾರುಕಟ್ಟೆಯಿಂದ ಮರೆಯಾಯಿತು. ಪ್ರಯೋಗಾಲಯದಲ್ಲಿ ಕಂಡ ಫಲ ಪ್ಯಾಕಿಂಗ್ ಶೆಡ್ಡುಗಳಲ್ಲಿ ಒಮ್ಮೆ ದೊರೆತರೆ ಇನ್ನೊಮ್ಮೆ ದೊರೆಯುತ್ತಿರಲಿಲ್ಲ. ಕಿತ್ತಳೆ ಜಾತಿಯ ಹಣ್ಣುಗಳಲ್ಲಿ ಸ್ವಲ್ಪ ಪ್ರಮಾಣದ ರಾಸಾಯನಿಕವನ್ನೂ ಬೆರೆಸಿದಾಗಲೇ ಅದು ಪೂರ್ಣಪ್ರಮಾಣದ ಶಿಲೀಂಧ್ರನಾಶಕಕ್ಕೆ ಸರಿಸಾಟಿಯಾಗುತ್ತಿತ್ತು. ಇದನ್ನು ಹೇಳುವುದು ನಿಮ್ಮನ್ನು ನಿರಾಶೆಗೊಳಿಸಲು ಅಲ್ಲ. ಹಣ್ಣಿನ ಮೇಲಿನ ಜೀವಾಣು ಕಾವಲುಗಾರನೇ ಹೊರತು ವೈದ್ಯನಲ್ಲ ಎಂಬುದನ್ನು ಈ ಇತಿಹಾಸ ಸ್ಪಷ್ಟವಾಗಿ ತೋರಿಸುತ್ತದೆ. ಬೂಷ್ಟಿಗಿಂತ ಮುಂಚೆ ಅಥವಾ ಅದರ ಹಿಂದೆಯೇ ಗಾಯವನ್ನು ತಲುಪಿದರೆ ತಡೆಯುತ್ತದೆ. ಸಿಪ್ಪೆಯ ಅಡಿಯಲ್ಲಿ ತಿಂಗಳ ಹಿಂದೆಯೇ ನೆಲೆಸಿದ ಎಳೆಯನ್ನು ಅದು ಮುಟ್ಟಲಾರದು.

ಈಗ ನಿಮ್ಮ ಟ್ರೈಕೋಡರ್ಮಾ ವಿಷಯ. ಅದು ಒಳ್ಳೆಯ ಜೀವಾಣುವೇ, ಆದರೆ ಅದರ ಮನೆ ಮಣ್ಣು. ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಗಿಡದ ಬುಡಕ್ಕೆ ಕೊಟ್ಟರೆ ಸಸಿ ಸಾಯುವುದನ್ನೂ ಬೇರು ಕೊಳೆಯನ್ನೂ ಕಡಿಮೆ ಮಾಡುತ್ತದೆ, ಅದಕ್ಕಾಗಿ ಬಳಸುವುದನ್ನು ನಿಲ್ಲಿಸಬೇಡಿ. ಹಣ್ಣಿಗೆ ಅದ್ದಲು ಮಾತ್ರ ಅದು ತಕ್ಕದ್ದಲ್ಲ. ಲೆಕ್ಕವನ್ನೇ ನೋಡಿ. ನಮ್ಮಲ್ಲಿ ಮಾರುವ ಟ್ರೈಕೋಡರ್ಮಾ ಪುಡಿಯಲ್ಲಿ ಗ್ರಾಂ ಒಂದಕ್ಕೆ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕೆಂಬುದು ಮಾನದಂಡ. ಹತ್ತು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಮಿಲಿಲೀಟರಿಗೆ ಸಿಗುವುದು 20 ಸಾವಿರ. ಹಣ್ಣಿನ ಗಾಯವನ್ನು ಕಾಯಲು ಯೀಸ್ಟ್ ಪ್ರಯೋಗಗಳಲ್ಲಿ ಬಳಸುವ ಪ್ರಮಾಣ ಮಿಲಿಲೀಟರಿಗೆ ಒಂದು ಕೋಟಿಯಿಂದ ಹತ್ತು ಕೋಟಿ. ಮೂಟೆ ಹಳೆಯದಾಗಿದ್ದರೆ, ಬಿಸಿಲಿನ ಶೆಡ್ಡಿನಲ್ಲಿ ಬಿದ್ದಿದ್ದರೆ, ಆ 20 ಸಾವಿರವೂ ಉಳಿದಿರುವುದಿಲ್ಲ. ಟ್ರೈಕೋಡರ್ಮಾ ತಾನೇ ಒಂದು ಹಸಿರು ಬೂಷ್ಟು ಎಂಬುದನ್ನೂ ಮರೆಯಬಾರದು. ಸಂಗ್ರಹಿಸಿದ ಸೇಬಿನಲ್ಲಿ ಅದರ ಕೆಲವು ಜಾತಿಗಳಿಂದಲೇ ಕೊಳೆ ಬಂದ ವರದಿಗಳಿವೆ. ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಿಮ್ಮ ಅದ್ದುವ ತೊಟ್ಟಿ. ಒಂದೇ ನೀರಿನಲ್ಲಿ ನೂರಾರು ಹಣ್ಣು ಅದ್ದಿದಾಗ ಒಂದು ಕೊಳೆತ ಹಣ್ಣಿನ ಬೀಜಕ ಉಳಿದೆಲ್ಲ ಹಣ್ಣುಗಳ ತೊಟ್ಟಿನ ಗಾಯಕ್ಕೆ ಸೇರುತ್ತದೆ. ಅದ್ದಿದ ಮೂರು ಕೊಯ್ಲುಗಳಲ್ಲಿ ತೊಟ್ಟು ಕಪ್ಪಾದ ಹಣ್ಣು ಮೊದಲಿಗಿಂತ ಹೆಚ್ಚಿದ್ದವೇ ಎಂದು ನೆನಪು ಮಾಡಿಕೊಳ್ಳಿ. ಹೆಚ್ಚಿದ್ದರೆ ಕಾರಣ ಆ ನೀರೇ ಇರಬೇಕು.

ಜೀವಾಮೃತದ ಬಗ್ಗೆ ಬಿಡಿಸಿ ಹೇಳಬೇಕು. ಮಣ್ಣಿಗೆ ಕೊಡುವುದು ನಿಮ್ಮ ಕೃಷಿಪದ್ಧತಿಗೆ ಬಿಟ್ಟ ವಿಷಯ. ಆದರೆ ಕೊಯ್ದ ಅಥವಾ ಕೊಯ್ಲಿಗೆ ಸಿದ್ಧವಾದ ಹಣ್ಣಿನ ಮೇಲೆ ಸಗಣಿ ಸೇರಿದ ಯಾವ ದ್ರವವನ್ನೂ ಸಿಂಪಡಿಸಬೇಡಿ. ಪರಂಗಿಯನ್ನು ಬೇಯಿಸದೆ ತಿನ್ನುತ್ತೇವೆ, ಮಕ್ಕಳಿಗೂ ಬಾಣಂತಿ ಮನೆಗಳಿಗೂ ರೋಗಿಗಳಿಗೂ ಅದು ಹೋಗುತ್ತದೆ. ಸಗಣಿಯಿಂದ ಬರಬಹುದಾದ ಇ. ಕೋಲಿ, ಸಾಲ್ಮೊನೆಲ್ಲ ಬ್ಯಾಕ್ಟೀರಿಯಗಳು ಕತ್ತರಿಸುವ ಚಾಕುವಿನೊಂದಿಗೆ ತಿರುಳಿಗೆ ಇಳಿಯುತ್ತವೆ. ‘ಜೈವಿಕ’ ಎಂದ ಮಾತ್ರಕ್ಕೆ ನಿರಪಾಯ ಎಂದಾಗುವುದಿಲ್ಲ. ನಮ್ಮ ದೇಶದಲ್ಲಿ ಟ್ರೈಕೋಡರ್ಮಾದಂಥ ಜೈವಿಕ ಕೀಟನಾಶಕಗಳೂ 1968ರ ಕೀಟನಾಶಕ ಕಾಯ್ದೆಯ ಅಡಿ ನೋಂದಣಿಯಾಗಬೇಕು ಎಂಬ ನಿಯಮ ಇರುವುದು ಇದೇ ಕಾರಣಕ್ಕೆ. ಹಣ್ಣಿಗೆ ಬಳಸಲು ತಕ್ಕ ಯೀಸ್ಟ್‌ಗಳನ್ನು ಆಯುವಾಗ ಅವು ಮನುಷ್ಯನ ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಬೆಳೆಯುತ್ತವೆಯೇ ಎಂದು ಮೊದಲೇ ಪರೀಕ್ಷಿಸುವ ರೂಢಿಯಿದೆ. ಬೆಳೆಯುವಂಥದ್ದನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ. ಅಂಥ ಪರೀಕ್ಷೆಗಳನ್ನು ದಾಟಿ, ಲೇಬಲ್ಲಿನ ಮೇಲೆ ‘ಕೊಯ್ದ ಹಣ್ಣಿಗೆ ಬಳಸಬಹುದು’ ಎಂದು ಬರೆದಿರುವ ಉತ್ಪನ್ನವಾದರೆ ತಿನ್ನುವವರಿಗೆ ಭಯವಿಲ್ಲ. ಆ ಸಾಲು ಲೇಬಲ್ಲಿನಲ್ಲಿ ಇಲ್ಲದಿದ್ದರೆ, ಮಾರುವವರು ಎಷ್ಟೇ ಭರವಸೆ ಕೊಟ್ಟರೂ ಕೊಳ್ಳಬೇಡಿ.

ಕಾರ್ಬೆಂಡಜಿಮ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅದು ಅಂತರ್ವ್ಯಾಪಿ ಔಷಧ, ಸಿಪ್ಪೆಯ ಒಳಕ್ಕೆ ಇಳಿಯುತ್ತದೆ, ತೊಳೆದರೆ ಪೂರ್ತಿಯಾಗಿ ಹೋಗುವುದಿಲ್ಲ. ಆ ಗುಂಪಿನ ಔಷಧಗಳಿಗೆ ಬಗ್ಗದ ಕೊಲೆಟೋಟ್ರೈಕಮ್ ತಳಿಗಳು ಅನೇಕ ಕಡೆ ಕಂಡುಬಂದಿವೆ, ಹಾಗಾಗಿ ಫಲವೂ ಖಚಿತವಲ್ಲ. ರಾಸಾಯನಿಕವಿಲ್ಲದ ಹಣ್ಣೆಂದು ನಂಬಿ ಕೊಳ್ಳುವ ಅಂಗಡಿಗೆ ಅದನ್ನು ಕಳಿಸುವುದು ಮೋಸವಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಅಳುಕು ಇದ್ದದ್ದರಿಂದಲೇ ನೀವು ಈ ಪತ್ರ ಬರೆದಿದ್ದೀರಿ ಎಂದು ತಿಳಿಯುತ್ತೇನೆ.

ಹಾಗಾದರೆ ಮಾಡಬಹುದಾದದ್ದೇನು? ಹೆಚ್ಚಿನ ಕೆಲಸ ತೋಟದಲ್ಲಿದೆ. ಜೋತುಬಿದ್ದ ಒಣ ಎಲೆ, ಎಲೆತೊಟ್ಟು, ಚುಕ್ಕೆ ಬಿದ್ದ ಕಾಯಿ ಇವನ್ನೆಲ್ಲ ಮಳೆಗೆ ಮುಂಚೆ ತೆಗೆದು ತೋಟದ ಹೊರಗೆ ಹೂಳಿರಿ ಅಥವಾ ಕಾಂಪೋಸ್ಟ್ ಗುಂಡಿಗೆ ಹಾಕಿ ಮುಚ್ಚಿರಿ. ಇದಕ್ಕೆ ಖರ್ಚಾಗುವುದು ಆಳಿನ ಕೂಲಿ ಮಾತ್ರ, ಆದರೆ ಬೀಜಕದ ಮೂಲವೇ ಕಡಿಮೆಯಾಗುವುದರಿಂದ ಮುಂದಿನ ಯಾವ ಸಿಂಪಡಣೆಗಿಂತಲೂ ಇದು ಹೆಚ್ಚು ಫಲ ಕೊಡುವುದನ್ನು ನಾನು ಕಂಡಿದ್ದೇನೆ. ಮೇಲಿನಿಂದ ಸ್ಪ್ರಿಂಕ್ಲರ್ ಹಾಯಿಸುತ್ತಿದ್ದರೆ ನಿಲ್ಲಿಸಿ ಹನಿ ನೀರಾವರಿಗೆ ಬದಲಾಯಿಸಿ. ಕಾಯಿ ಒದ್ದೆಯಾಗದಿದ್ದರೆ ಬೀಜಕ ಮೊಳೆಯದು. ಜೈವಿಕ ಸಿಂಪಡಣೆಗೆ ಸರಿಯಾದ ಕಾಲವೂ ಇದೇ. ನೋಂದಣಿಯಾದ ಬ್ಯಾಸಿಲಸ್ ಸಬ್ಟಿಲಿಸ್ ಉತ್ಪನ್ನವನ್ನು, ಅದರ ಲೇಬಲ್ಲಿನ ಪ್ರಮಾಣದಲ್ಲಿಯೇ, ಕಾಯಿ ಕಚ್ಚಿದಂದಿನಿಂದ ಮಳೆಗಾಲದುದ್ದಕ್ಕೂ ಹತ್ತು-ಹದಿನೈದು ದಿನಗಳಿಗೊಮ್ಮೆ ಸಂಜೆಯ ಹೊತ್ತು ಕಾಯಿಗಳ ಮೇಲೆ ಬೀಳುವಂತೆ ಸಿಂಪಡಿಸಿದರೆ ಬೀಜಕ ಸಿಪ್ಪೆಯನ್ನು ಹೊಗುವ ಮುಂಚೆಯೇ ಎದುರಾಳಿ ಅಲ್ಲಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸಿಂಪಡಿಸಿದರೆ ಅರ್ಧ ಸಾಯುತ್ತದೆ. ತಾಮ್ರದ ಔಷಧ ಅಥವಾ ಪ್ರತಿಜೈವಿಕದೊಂದಿಗೆ ಬೆರೆಸಿದರೆ ಟ್ಯಾಂಕಿನಲ್ಲಿಯೇ ಸಾಯಬಹುದು. ಬಿರುಮಳೆಯ ವಾರಗಳಲ್ಲಿ ಇದರ ಫಲ ಕುಗ್ಗುತ್ತದೆ ಎಂಬುದನ್ನೂ ಒಪ್ಪಿಕೊಂಡೇ ಮುಂದುವರಿಯಬೇಕು.

ಕೊಯ್ಲಿನಲ್ಲಿ ಕಾಯಿಯನ್ನು ತಿರುಚಿ ಕೀಳದೆ, ಶುಚಿಯಾದ ಚಾಕುವಿನಿಂದ ಒಂದು ಸೆಂಟಿಮೀಟರಿನಷ್ಟು ತೊಟ್ಟು ಉಳಿಸಿ ಕತ್ತರಿಸಿ. ನೆಲದ ಮೇಲೆ ಇಡಬೇಡಿ. ಸೋರುವ ಹಾಲು ಇತರ ಕಾಯಿಗಳ ಮೇಲೆ ಬೀಳದಂತೆ ತೊಟ್ಟು ಕೆಳಗೆ ಮಾಡಿ ಸ್ವಲ್ಪ ಹೊತ್ತು ನೆರಳಿನಲ್ಲಿಡಿ. ಹಳೆಯ ಪತ್ರಿಕೆಯ ಬದಲು ಅಚ್ಚಾಗದ ಕಾಗದ ಅಥವಾ ಮಾರುಕಟ್ಟೆಯಲ್ಲಿ ಸಿಗುವ ಫೋಮ್ ಬಲೆಯನ್ನು ಬಳಸಿ; ಪತ್ರಿಕೆಯ ಶಾಯಿ ಆಹಾರಕ್ಕೆ ತಗುಲಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ.

ಸಿಪ್ಪೆಯ ಅಡಿಯ ಸುಪ್ತ ಸೋಂಕನ್ನು ರಾಸಾಯನಿಕವಿಲ್ಲದೆ ತಲುಪಬಲ್ಲ ಸಾಧನ ಒಂದಿದೆ, ಅದು ಬಿಸಿನೀರು. ಹವಾಯಿಯ ಪರಂಗಿ ಬೆಳೆಗಾರರಿಗೆ 1950ರ ದಶಕದಿಂದಲೂ ಇದು ಪರಿಚಿತ: 48ರಿಂದ 49 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿ, ತೆಗೆದ ಕೂಡಲೇ ತಣ್ಣೀರಿನಲ್ಲಿ ಆರಿಸುವುದು. ಶಿಲೀಂಧ್ರದ ಎಳೆ ಸಿಪ್ಪೆಯಿಂದ ಬಹಳ ಆಳಕ್ಕೆ ಹೋಗಿರುವುದಿಲ್ಲವಾದ್ದರಿಂದ ಆ ಶಾಖ ಅದನ್ನು ಮುಟ್ಟುತ್ತದೆ, ತಿರುಳು ಬೇಯುವುದಿಲ್ಲ. ಆದರೆ ಇಲ್ಲಿ ಅಂದಾಜು ನಡೆಯದು. ಎರಡು ಡಿಗ್ರಿ ಕಡಿಮೆಯಾದರೆ ರೋಗ ಉಳಿಯುತ್ತದೆ, ಎರಡು ಡಿಗ್ರಿ ಹೆಚ್ಚಾದರೆ ಸಿಪ್ಪೆ ಸುಟ್ಟು, ಹಣ್ಣು ಒಂದು ಕಡೆ ಗಟ್ಟಿಯಾಗಿಯೇ ಉಳಿದು ಸಮನಾಗಿ ಮಾಗುವುದಿಲ್ಲ. ತಂಪಾದ ಹಣ್ಣು ಹಾಕಿದೊಡನೆ ನೀರಿನ ಬಿಸಿ ಇಳಿಯುತ್ತದೆ. ಹಂಡೆಯ ಮೇಲಿನ ನೀರು ಬಿಸಿಯಾಗಿದ್ದು ತಳದಲ್ಲಿ ಬೇರೆಯೇ ಇರಬಹುದು. ಒಳ್ಳೆಯ ಥರ್ಮಾಮೀಟರ್, ನೀರನ್ನು ತಿರುಗಿಸುತ್ತಿರುವ ವ್ಯವಸ್ಥೆ, ಗಡಿಯಾರ ಇವು ಮೂರೂ ಇಲ್ಲದೆ ಕೈಹಾಕಬೇಡಿ. ನಿಮ್ಮ ತಳಿ, ನಿಮ್ಮ ಕಾಯಿಯ ಗಾತ್ರ ಬೇರೆಯಾದ್ದರಿಂದ ಮೊದಲು ಹತ್ತು ಕಾಯಿಗಳಲ್ಲಿ ಮಾತ್ರ ಮಾಡಿ ಮಾಗುವವರೆಗೆ ಕಾದು ನೋಡಿ.

ಬಿಸಿನೀರಿಗೂ ಒಂದು ಕೊರತೆಯಿದೆ. ಅದು ಅಂದಿನ ರೋಗವನ್ನು ಕೊಲ್ಲುತ್ತದೆ, ಮರುದಿನದ ರೋಗವನ್ನು ತಡೆಯುವುದಿಲ್ಲ. ಸಿಪ್ಪೆಯ ಮೇಲಿನ ಒಳ್ಳೆಯ ಜೀವಾಣುಗಳೂ ಸತ್ತಿರುವುದರಿಂದ ಹೊಸ ಬೂಷ್ಟಿಗೆ ಬಯಲು ಸಿಕ್ಕಂತಾಗುತ್ತದೆ. ಕೊಯ್ಲೋತ್ತರ ಯೀಸ್ಟ್‌ಗೆ ತಕ್ಕ ಸ್ಥಾನ ಇದು. ಶಾಖ ಒಳಗಿನದನ್ನು ತೆಗೆದ ಮೇಲೆ ಯೀಸ್ಟ್ ಹೊರಗಿನದನ್ನು ಕಾಯುತ್ತದೆ. ಅಡುಗೆ ಸೋಡಾ ಇದಕ್ಕೆ ಒಳ್ಳೆಯ ಜೊತೆ. ಶ್ರೀಲಂಕಾದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಂಗಿಯ ಚಿಬ್ಬು ರೋಗಕ್ಕೆ ಕ್ಯಾಂಡಿಡ ಓಲಿಯೋಫಿಲ ಯೀಸ್ಟನ್ನೂ ಶೇಕಡ 2ರ ಸೋಡಿಯಂ ಬೈಕಾರ್ಬನೇಟನ್ನೂ ಒಟ್ಟಿಗೆ ಬಳಸಿದಾಗ ಒಂದೊಂದನ್ನೇ ಬಳಸಿದ್ದಕ್ಕಿಂತ ಉತ್ತಮ ಫಲ ದೊರೆಯಿತು. ಶೇಕಡ 2 ಎಂದರೆ ಲೀಟರಿಗೆ 20 ಗ್ರಾಂ. ತಕ್ಕ ಯೀಸ್ಟ್ ಕೈಗೆ ಸಿಗುವವರೆಗೆ ಸೋಡಾ ನೀರೊಂದನ್ನೇ ಪ್ರಯತ್ನಿಸಬಹುದು. ಅದು ಬೂಷ್ಟನ್ನು ಕೊಲ್ಲುವುದಕ್ಕಿಂತ ಅದರ ಬೆಳವಣಿಗೆಯನ್ನು ತಡೆಹಿಡಿಯುತ್ತದೆ, ಹಣ್ಣಿನ ಮೇಲೆ ಬಿಳಿ ಪುಡಿ ಉಳಿದರೆ ಒರೆಸಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಬ್ರೆಡ್ಡಿನ ಯೀಸ್ಟನ್ನು ಹಣ್ಣಿಗೆ ಹಚ್ಚಬೇಡಿ, ಅದನ್ನು ಆರಿಸಿರುವುದು ಹಿಟ್ಟು ಉಬ್ಬಿಸಲು. ತೊಳೆಯುವ ನೀರಿಗೆ ಕ್ಲೋರಿನ್ ಬಳಸುವುದಾದರೆ ಅದು ಮೊದಲ ತೊಟ್ಟಿಯಲ್ಲಿರಲಿ; ಆ ಹಣ್ಣನ್ನು ಶುದ್ಧ ನೀರಿನಲ್ಲಿ ಜಾಲಿಸಿದ ಮೇಲೆಯೇ ಜೀವಾಣುವಿನ ದ್ರಾವಣಕ್ಕೆ ಹಾಕಬೇಕು, ಇಲ್ಲದಿದ್ದರೆ ಬೂಷ್ಟಿನ ಜೊತೆಗೆ ಕಾವಲುಗಾರನೂ ಸಾಯುತ್ತಾನೆ.

ತಂಪಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಬೆಂಗಳೂರಿನವರು ಶೀತಲಗೃಹದಲ್ಲಿ ಇಡುವುದಾದರೆ 10ರಿಂದ 13 ಡಿಗ್ರಿ ಸಾಕು. ಅದಕ್ಕಿಂತ ಕೆಳಗೆ ಬಹಳ ದಿನ ಇಟ್ಟರೆ ಪರಂಗಿಗೆ ಚಳಿಯ ಪೆಟ್ಟು ತಗುಲಿ, ಸಿಪ್ಪೆಯಲ್ಲಿ ಗುಳಿ ಬಿದ್ದು, ಮಾಗದೆ ಉಳಿದು, ಆಲ್ಟರ್ನೇರಿಯ ಎಂಬ ಬೇರೊಂದು ಬೂಷ್ಟಿಗೆ ಎಡೆಯಾಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹಣ ಹಾಕುವ ಮೊದಲು ಮುಂದಿನ ಕೊಯ್ಲಿನಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿ. ಒಂದೇ ಹದದ ಮೂವತ್ತು ಕಾಯಿಗಳನ್ನು ಆರಿಸಿ. ಹತ್ತನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ, ನೀರು ಸೋಕಿಸದೆ, ಒಂದಕ್ಕೊಂದು ತಾಗದಂತೆ ಮನೆಯಲ್ಲಿಡಿ. ಇನ್ನು ಹತ್ತನ್ನು ನೀವು ಎಂದಿನಂತೆ ಕೊಯ್ದು, ಅದ್ದಿ, ಕ್ರೇಟಿನಲ್ಲಿಡಿ. ಕೊನೆಯ ಹತ್ತಕ್ಕೆ ಬಿಸಿನೀರಿನ ಉಪಚಾರ ಕೊಡಿ. ಆರನೆಯ ದಿನ ಚುಕ್ಕೆ ಬಂದವೆಷ್ಟು, ತೊಟ್ಟು ಕಪ್ಪಾದವೆಷ್ಟು ಎಂದು ಬೇರೆ ಬೇರೆಯಾಗಿ ಎಣಿಸಿ ಬರೆದಿಡಿ. ಮೊದಲ ಹತ್ತರಲ್ಲಿಯೂ ಚುಕ್ಕೆ ಬಂದರೆ ರೋಗ ತೋಟದಿಂದಲೇ ಬರುತ್ತಿದೆ, ಒಣ ಎಲೆ ತೆಗೆಯುವುದಕ್ಕೂ ಬ್ಯಾಸಿಲಸ್‌ಗೂ ಹಣ ಹಾಕಿ. ಎರಡನೆಯ ಹತ್ತರಲ್ಲಿ ಮಾತ್ರ ತೊಟ್ಟು ಕಪ್ಪಾದರೆ ತೊಟ್ಟಿಯನ್ನೂ ಕೊಯ್ಯುವ ರೀತಿಯನ್ನೂ ಬದಲಾಯಿಸಿದರೆ ಸಾಕಾಗಬಹುದು. ಕೊಳೆತ ಎರಡು ಹಣ್ಣನ್ನು ಕಾಗದದ ಚೀಲದಲ್ಲಿ ಹಾಕಿ ನಿಮಗೆ ಹತ್ತಿರವಾದ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ ಶಿಲೀಂಧ್ರ ಯಾವುದೆಂದು ಖಚಿತ ಮಾಡಿಕೊಳ್ಳಿ. ಕೊಯ್ಲೋತ್ತರ ಸಂಸ್ಕರಣೆಯ ಪ್ರಶ್ನೆಗಳಿಗೆ 1950ರಿಂದ ಮೈಸೂರಿನಲ್ಲಿಯೇ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯನ್ನು ವಿಚಾರಿಸಬಹುದು.

ಚುಕ್ಕೆ ಬಿದ್ದ ಹಣ್ಣನ್ನು ಕೆತ್ತಿ ತಿನ್ನಬಹುದೇ ಎಂದು ಮನೆಗಳಲ್ಲಿ ಕೇಳುತ್ತಾರೆ. ಪರಂಗಿಯ ತಿರುಳು ಮೆದು. ಕಣ್ಣಿಗೆ ಕಾಣುವ ಬೂಷ್ಟಿಗಿಂತ ಆಚೆಗೂ ಅದರ ಎಳೆಗಳು ಹಬ್ಬಿರುತ್ತವೆ. ನೀರಾಗಿ ಕುಸಿದದ್ದನ್ನು, ಹುಳಿ ವಾಸನೆ ಬಂದದ್ದನ್ನು, ಬೂಷ್ಟು ಕೂದಲೆದ್ದದ್ದನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ. ಇನ್ನು ಈ ಮಳೆಗಾಲದ ಕೊಯ್ಲಿನಲ್ಲಿ ಬಹುಪಾಲು ಕಾಯಿಗಳಿಗೆ ಸೋಂಕು ಆಗಲೇ ತಗುಲಿದೆ ಎಂದು ನಿಮ್ಮ ಪರೀಕ್ಷೆ ತೋರಿಸಿದರೆ, ಬೆಂಗಳೂರಿಗೆ ಕಳಿಸುವ ಪಾಲನ್ನು ಕಡಿಮೆ ಮಾಡಿ ಎರಡು-ಮೂರು ದಿನಗಳಲ್ಲಿ ಖರ್ಚಾಗುವ ಹತ್ತಿರದ ಸಂತೆಗೆ ಕಳಿಸಿ. ಸ್ವಲ್ಪ ಭಾಗವನ್ನು ಹಸಿರಿರುವಾಗಲೇ ಟೂಟಿ ಫ್ರೂಟಿ ಮಾಡುವವರಿಗೆ ಮಾರಬಹುದು. ಬೆಲೆ ಕಡಿಮೆ ಸಿಗುತ್ತದೆ, ಆದರೆ ಸಿಪ್ಪೆ ಹೆರೆದು ಸಕ್ಕರೆ ಪಾಕದಲ್ಲಿ ಬೇಯಿಸುವ ಆ ಕಾಯಿಗೆ ಸಿಪ್ಪೆಯಡಿಯ ಸುಪ್ತ ಸೋಂಕಿನಿಂದ ಬಾಧೆಯಿಲ್ಲ.